ಸಾವಿರ ಪೌಂಡಿನ ತಳ್ಳುಗಾಡಿ

ಲಂಡನ್ನಿನಲ್ಲಿ ಮಗುವಿನ ತಳ್ಳುಗಾಡಿಗೆ 1000 ಪೌಂಡ್ ಕೊಡುವವರಿದ್ದಾರೆ ಮಾರಾಯ್ರೆ! ಸುಖವೇನೋ ನಿಜ: ಎಳೆಕೂಸು ಚಪ್ಪಟೆಯಾಗಿ ಮಲಗುತ್ತದೆ, ಅಮ್ಮನ ಮುಖ ಕಾಣುತ್ತದೆ, ಕುಲುಕಾಟ ಕಡಿಮೆ. ಆದರೆ ಇವೆಲ್ಲ 300 ಪೌಂಡಿನದರಲ್ಲೂ ಸಿಗುತ್ತವೆ. ಮಿಕ್ಕದ್ದು ಬಟ್ಟೆ, ಬಣ್ಣ, ಹೆಸರಿಗೆ.

ಸ್ಪಿಟ್‌ಫೈರ್ ವಿಮಾನದ ಇಳಿಚಕ್ರಗಳ ವಿನ್ಯಾಸದಲ್ಲಿ ಕೈಯಾಡಿಸಿದ್ದ ಓವನ್ ಮೆಕ್ಲಾರೆನ್, 1965ರಲ್ಲಿ ಕೊಡೆಯಂತೆ ಮಡಚುವ ಅಲ್ಯೂಮಿನಿಯಂ ಗಾಡಿಗೆ ಪೇಟೆಂಟ್ ಹಾಕಿದ. ತೂಕ 3 ಕೇಜಿಯೂ ಇಲ್ಲ! ಬಸ್ಸು, ಮೆಟ್ಟಿಲು ಹತ್ತುವವರಿಗೆ ಅದಕ್ಕಿಂತ ದೊಡ್ಡ ಡಿಸೈನು ಯಾವುದು? (ಆರು ತಿಂಗಳೊಳಗಿನ ಕೂಸಿಗೆ ಮಾತ್ರ ಪೂರ್ತಿ ಮಲಗಿಸುವಂಥದೇ ಬೇಕು.)

ನಮ್ಮದು ಲಿಫ್ಟಿಲ್ಲದ ಮೂರನೇ ಮಹಡಿ. ಬ್ರೇಕು, ಬೆಲ್ಟು ಎಲ್ಲ ಎಳೆದು ನೋಡಿ, ಮಲಗಿಸುವಂಥ ಹಳೇ ಗಾಡಿಯನ್ನೇ ಕೊಂಡೆವು. ಉಳಿದ ದುಡ್ಡಿಗೆ ಶಿವಮೊಗ್ಗದಿಂದ ಅಮ್ಮನ ಟಿಕೆಟ್ಟಾಯಿತು. ಬಾಣಂತನಕ್ಕೆ ಇನ್ನೆರಡು ಕೈ ಬಂದವು. ಕೂಸೋ, ಅಜ್ಜಿಯ ಮಡಿಲು ಬಿಟ್ಟು ಗಾಡಿಗಿಳಿಯಲು ಒಲ್ಲೆ ಅನ್ನುತ್ತಿದೆ. ನೀವೇನಂತೀರಿ?