ಜೇಡರ ಹುಳದ ನೂಲು

ಜೇಡರ ಹುಳದ ನೂಲು ನಮ್ಮ ಕೂದಲಿಗಿಂತ ತೆಳ್ಳಗೆ ಇರುತ್ತದೆ. ಆದರೆ ತೂಕಕ್ಕೆ ತೂಕ ನೋಡಿದರೆ ಉಕ್ಕಿನ ತಂತಿಗಿಂತ ಗಟ್ಟಿ! ಬಲೆಯಾಗ ಎರಡು ತರಹದ ನೂಲು ಇರ್ತಾವ. ನಡುವಿನಿಂದ ಹೊರಗೆ ಹೋಗುವ ನೂಲು ಬಿಗಿ. ಸುತ್ತು ಹಾಕಿದ ಅಂಟು ನೂಲು ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗಿ ಮತ್ತೆ ಕುಗ್ಗುತ್ತದೆ. ಅದಕ್ಕೇ ಹುಳ ರಭಸದಿಂದ ಬಿದ್ದರೂ ಬಲೆ ಹರಿಯೋದಿಲ್ಲ. ನಮ್ಮ ಬೀದರಿನ ಬಿದರಿ ಕೆಲಸದ ಬೆಳ್ಳಿ ತಂತಿಯಾದರೆ ಬಾಗಿದ ಹಾಗೇ ಉಳಿಯುತ್ತದೆ. ಸುಮಾರು 38 ಕೋಟಿ ವರ್ಷದ ಹಿಂದೆಯೇ ಜೇಡದ ಬಳಗದ ಜೀವಿಗಳು ನೂಲು ತೆಗೆಯುತ್ತಿದ್ದವು. ಬಲೆ ನೇಯುವುದು ಬಹಳ ಆಮೇಲೆ ಬಂತು.

ಔರಾದ ತಾಲೂಕಿನ ನಮ್ಮ ತೊಗರಿ ಹೊಲದಾಗ ಇಂಥ ಬಲೆ ಬಹಳ ಅವ. ಎಣ್ಣೆ ಹೊಡೆದರೆ ಕೀಡಿ ಜೊತೆ ಜೇಡವೂ ಸಾಯುತ್ತದೆ. "ಮುತ್ಯಾ, ಎರಡು ಸಾಲು ಬಿಡು" ಅಂದೆ. ಮುತ್ಯಾ ಬಲೆ ನೋಡಿದ, ಒಂದು ಸಾಲು ಬಿಟ್ಟ.