ಕೈಯೂ ಕಂಠವೂ

ನಮ್ಮಲ್ಲಿ ಒಂದು ಹಳೆಯ ಕ್ಯಾಸೆಟ್ಟು ಇದೆ. 1991ರ ಬೇಸಗೆಯಲ್ಲಿ, ನಾವು ಶಿಕ್ಷಕ ತರಬೇತಿ ಮುಗಿಸಿ ಊರಿಗೆ ಮರಳಿದ ಹೊಸತರಲ್ಲಿ, ಮನೆಯ ಚಾವಡಿಯಲ್ಲಿ ಜರುಗಿದ ತಾಳಮದ್ದಳೆಯ ಧ್ವನಿಮುದ್ರಣ ಅದು. ಭಾಗವತಿಕೆ ನಮ್ಮ ದೊಡ್ಡಪ್ಪನವರದು. ಅವರು 1994ರಲ್ಲಿ ತೀರಿಕೊಂಡರು. ಅವರ ಸ್ವರವಾಗಿ ಈ ಲೋಕದಲ್ಲಿ ಉಳಿದಿರುವುದು ಇದೊಂದೇ.

ಆದರೆ ಸ್ವರವೇ ಸರಿಯಾಗಿ ಕೇಳುವುದಿಲ್ಲ. ಹತ್ತಿರವಿಟ್ಟಷ್ಟೂ ಚೆನ್ನೆಂಬ ಭ್ರಮೆಯಿಂದ ನಾವು ಟೇಪ್ ರೆಕಾರ್ಡರನ್ನು ಅವರ ಜಾಗಟೆಯ ಬುಡದಲ್ಲೇ ಇರಿಸಿದ್ದೆವು. ಅಂಥ ಯಂತ್ರಗಳಲ್ಲಿ ಧ್ವನಿಯ ಮಟ್ಟವನ್ನು ತಾನಾಗಿ ಹತೋಟಿಯಲ್ಲಿಡುವ ಏರ್ಪಾಡೊಂದು ಇರುತ್ತಿತ್ತು. ದೊಡ್ಡ ಸದ್ದು ಬಂದೊಡನೆ ಅದು ಎಲ್ಲವನ್ನೂ ತಗ್ಗಿಸಿ, ಬಳಿಕ ಮೆಲ್ಲಮೆಲ್ಲನೆ ಏರಿಸುತ್ತದೆ. ಹೀಗಾಗಿ ಜಾಗಟೆಗೆ ಕೋಲು ಬಿದ್ದಾಗಲೆಲ್ಲ ದೊಡ್ಡಪ್ಪನ ಸ್ವರ ಮುಳುಗುತ್ತದೆ. ತಲೆ ಎತ್ತುವಷ್ಟರಲ್ಲಿ ಮುಂದಿನ ಪೆಟ್ಟು. ಮೂವತ್ತು ನಿಮಿಷವೂ ಇದೇ ಅವಸ್ಥೆ. ಅವರ ಕೈಯೇ ಅವರ ಕಂಠವನ್ನು ನುಂಗಿದಂತೆ ನಮಗೆ ತೋರುತ್ತಿತ್ತು. ತಪ್ಪು ಕೈಯದಲ್ಲ, ನಮ್ಮದು.

ಭಾಗವತನೇ ಮೊದಲನೆಯ ವೇಷ ಎಂಬ ಮಾತನ್ನು ವಾಚಕರು ಬಲ್ಲರು. ಪದ್ಯವನ್ನು ಎತ್ತುವುದು ಕಂಠವಾದರೂ ಮದ್ದಳೆಗೆ ಕಾಲ ತೋರಿಸುವುದು, ಮುಕ್ತಾಯದ ಸೂಚನೆ ಕೊಡುವುದು ಜಾಗಟೆ ಹಿಡಿದ ಕೈ. ನಮ್ಮ ಪಡ್ರೆಯಲ್ಲಿ 1938ರಲ್ಲಿ ಜನಿಸಿ 2023ರಲ್ಲಿ ಅಗಲಿದ ಬಲಿಪ ನಾರಾಯಣ ಭಾಗವತರನ್ನು ಜನ ಕೊಂಡಾಡುವುದು ಆ ಏರು ಶ್ರುತಿಯ ಕಂಠಕ್ಕಾಗಿ. ಅವರ ಕೈಯನ್ನು ಕುರಿತು ಆಡುವವರು ಹಿಮ್ಮೇಳದವರು ಮಾತ್ರ.

ದೊಡ್ಡಪ್ಪನ ಮೊಮ್ಮಗನೊಬ್ಬ ದುಬೈಯಲ್ಲಿದ್ದಾನೆ, ನಮಗೆ ಅಳಿಯನಾಗಬೇಕು. ಕಳೆದ ರಜೆಯಲ್ಲಿ ಬಂದವನು ಈ ಮಾತಿಗೆ ನಕ್ಕು, ಅಮೆರಿಕದ ಜಾಜ್ ಸಂಗೀತಗಾರ ನ್ಯಾಟ್ ಕಿಂಗ್ ಕೋಲನ ಹಾಡುಗಳನ್ನು ಕೇಳಿಸಿದನು. 1919ರಲ್ಲಿ ಹುಟ್ಟಿದ ಕರಿಯ ಜನಾಂಗದ ಈತ ಮೊದಲಿಗೆ ಹೆಸರಾಂತ ಪಿಯಾನೋವಾದಕ. ಅವನ ಮೂವರ ಮೇಳದಲ್ಲಿ ಪಿಯಾನೋ, ಗಿಟಾರು, ಬೇಸ್ ಇಷ್ಟೇ. ತಾಳಕ್ಕೆ ಡೋಲಿನವನೇ ಇಲ್ಲ. ಹಾಡುತ್ತಲೇ ಕೈ ಲಯವನ್ನೂ ಹೊರಬೇಕು. ನಮ್ಮ ಭಾಗವತರ ಬಂಧುವೇ ಸರಿ! ಬರಬರುತ್ತ ಜನಕ್ಕೆ ಕಂಠವೇ ಸಾಕಾಯಿತು. 1950ರ ‘ಮೋನಾ ಲೀಸಾ’ದಂಥ ಹಾಡುಗಳಲ್ಲಿ ಹಿಂದೆ ದೊಡ್ಡ ವಾದ್ಯಮೇಳ, ಮುಂದೆ ಅವನ ದನಿ. 1956ರಲ್ಲಿ ಅವನು ಪಿಯಾನೋ ಒಂದನ್ನೇ ನುಡಿಸಿದ ಮುದ್ರಿಕೆ ಹೊರಬಂತು. ಅದೇ ವರ್ಷ ಸಣ್ಣ ಮೇಳದೊಡನೆ ಮತ್ತೆ ಹಾಡುತ್ತ ನುಡಿಸಿದುದು 1957ರಲ್ಲಿ ‘ಆಫ್ಟರ್ ಮಿಡ್‌ನೈಟ್’ ಎಂದು ಪ್ರಕಟವಾಯಿತು. ನಮಗೆ ಇಂಗ್ಲಿಷ್ ಹಾಡಿನ ರುಚಿ ಇಲ್ಲ. ಆದರೂ ಆ ಮುದ್ರಿಕೆಯಲ್ಲಿ ದನಿ ಉಸಿರು ತೆಗೆದುಕೊಳ್ಳುವ ಎಡೆಗೆ ಬೆರಳು ಬಂದು ಮಾತನಾಡುವುದು ನಮ್ಮ ಕಿವಿಗೂ ತಿಳಿಯಿತು. ಅವನು ತೀರಿದ್ದು 1965ರಲ್ಲಿ, ನಲವತ್ತೈದರ ಪ್ರಾಯದಲ್ಲಿ.

ಅಳಿಯನ ತಂಗಿ ಈಗ ಭಾಗವತಿಕೆ ಕಲಿಯುತ್ತಿದ್ದಾಳೆ. ಅಜ್ಜನನ್ನು ಕಂಡವಳಲ್ಲ. ಕ್ಯಾಸೆಟ್ಟನ್ನು ಅವಳಿಗೆ ಕೊಡಲು ನಾವು ಎರಡು ವರ್ಷ ಹಿಂದುಮುಂದು ನೋಡಿದ್ದೆವು. ಇದೇ ಏನು ಅಜ್ಜನ ಹಾಡು ಎಂದು ಅವಳ ಮುಖ ಸಣ್ಣದಾದರೆ ಹೇಗೆ ಎಂಬ ಅಳುಕು. ಕೋಲನನ್ನು ಕೇಳಿದ ಸಂಜೆ ಧೈರ್ಯ ಮಾಡಿ ಹಾಕಿದೆವು.

ಅವಳು ಒಂದು ಪದ್ಯ ಕೇಳಿ, ಮಣೆಯೊಂದನ್ನು ಎಳೆದುಕೊಂಡು ಅಜ್ಜನ ಪೆಟ್ಟಿನೊಡನೆ ತಾನೂ ತಟ್ಟತೊಡಗಿದಳು.

“ಮಾವ, ಅಜ್ಜ ಮಾತಿನ ಮೇಲೆ ಪೆಟ್ಟು ಹಾಕುವುದೇ ಇಲ್ಲ ನೋಡಿ. ಮಾತಿಗೆ ಜಾಗ ಬಿಟ್ಟು ಹಾಕುತ್ತಾರೆ. ನಮ್ಮ ಗುರುಗಳು ಇದಕ್ಕೇ ನನ್ನನ್ನು ಬೈಯುವುದು.”

ಮೂವತ್ತು ವರ್ಷಕ್ಕೂ ಮಿಕ್ಕಿ ಆ ಕ್ಯಾಸೆಟ್ಟಿನಲ್ಲಿ ಸ್ವರವನ್ನೇ ಹುಡುಕುತ್ತಿದ್ದ ನಾವು ಕೈಯನ್ನು ಕೇಳಿರಲೇ ಇಲ್ಲ. ಕೊನೆಯ ಮಂಗಳದಲ್ಲಿ ಜಾಗಟೆ ಕ್ಷಣಕಾಲ ನಿಂತು ಅವರ ಕಂಠ ಸ್ವಚ್ಛವಾಗಿ ಮೂಡುತ್ತದೆ. ಅಲ್ಲಿಗೆ ಆ ಬದಿ ಮುಗಿಯುತ್ತದೆ.

“ಇನ್ನೊಂದು ಬದಿಯಲ್ಲೂ ಅಜ್ಜನದು ಉಂಟೇ ಮಾವ?” ಎಂದು ಕೇಳಿದಳು.

ಇಲ್ಲವೆಂದೆವು. ಅದರಲ್ಲಿ ಉದ್ದಕ್ಕೂ ತುಂಬಿರುವುದು ಅಂದು ಕೃಷ್ಣನ ಅರ್ಥ ಹೇಳಿದ ನಮ್ಮದೇ ಮಾತು.