ಹೊಸ ಬದುಕು ಪಡೆದ ಹಳೆಯ ಕಟ್ಟಡ

ಅಮೆರಿಕೆಯಲ್ಲಿ ನೆಲೆಸಿರುವ ಶರಣಬಂಧುಗಳ ಆಹ್ವಾನವನ್ನು ಮನ್ನಿಸಿ ಆ ದೇಶಕ್ಕೆ ತೆರಳಿದ್ದಾಗ ನಾವು ಷಿಕಾಗೊ ನಗರವನ್ನು ಸಂದರ್ಶಿಸಿದೆವು. ಗಗನಚುಂಬಿ ಸೌಧಗಳಿಂದ ಕಿಕ್ಕಿರಿದ ಅಲ್ಲಿನ ಪೇಟೆಯಲ್ಲಿ, ಸ್ಟೇಟ್ ಮತ್ತು ವಾಷಿಂಗ್ಟನ್ ಬೀದಿಗಳು ಕೂಡುವ ಮೂಲೆಯಲ್ಲಿ ನಮ್ಮ ಮನಸ್ಸನ್ನು ಸೆಳೆದದ್ದು ಸುಮಾರು 200 ಅಡಿ ಎತ್ತರದ ಒಂದು ಬಿಳಿಯ ಕಟ್ಟಡ. ಅದರ ಹೆಸರು ರಿಲಯನ್ಸ್ ಬಿಲ್ಡಿಂಗ್.

ಅದರ ನಿರ್ಮಾಣದ ಕಥೆಯೇ ಸೋಜಿಗದ್ದು. 1890ರಲ್ಲಿ ಮಾಲೀಕ ವಿಲಿಯಂ ಹೇಲ್ ಕೆಲಸಕ್ಕೆ ಕೈಹಾಕಿದಾಗ, ಆ ಸ್ಥಳದಲ್ಲಿದ್ದ ಹಳೆಯ ಕಟ್ಟಡದ ಬಾಡಿಗೆದಾರರ ಕರಾರು 1894ರವರೆಗೆ ಉಳಿದಿತ್ತು. ಅವರನ್ನು ಹೊರಗೆ ಕಳಿಸದೆ, ಮೇಲಂತಸ್ತುಗಳನ್ನು ಜಾಕುಗಳ ಮೇಲೆ ನಿಲ್ಲಿಸಿ, ಕೆಳಗೆ ಹೊಸ ಅಡಿಪಾಯವನ್ನೂ ನೆಲ ಅಂತಸ್ತನ್ನೂ ಕಟ್ಟಿದರು. ಶಿಲ್ಪಿ ಜಾನ್ ರೂಟ್ 1891ರಲ್ಲಿ ತೀರಿಕೊಳ್ಳಲು, ಚಾರ್ಲ್ಸ್ ಆಟ್‌ವುಡ್ ಕಾರ್ಯವನ್ನು ಪೂರೈಸಿದರು. ಮೇಲಿನ ಹತ್ತು ಅಂತಸ್ತುಗಳ ಉಕ್ಕಿನ ಚೌಕಟ್ಟು ಜುಲೈ 16ರಿಂದ ಆಗಸ್ಟ್ 1ರೊಳಗೆ ಎದ್ದು ನಿಂತಿತು. ಭಾರವನ್ನೆಲ್ಲ ಉಕ್ಕೇ ಹೊತ್ತುದರಿಂದ ಗೋಡೆಯ ಬಹುಭಾಗ ಗಾಜಿನ ಕಿಟಕಿಯಾಯಿತು. ಉಳಿದುದಕ್ಕೆ ಮೆರುಗು ಕೊಟ್ಟು ಸುಟ್ಟ ಬಿಳಿಯ ಮಣ್ಣಿನ ಹಲಗೆಗಳ ಹೊದಿಕೆ.

ಕೆಳಗೆ ಬಟ್ಟೆಬರೆಯ ಅಂಗಡಿ. ಮೇಲೆ, ಬೆಳಕು ಧಾರಾಳವಾಗಿದ್ದುದರಿಂದ, ವೈದ್ಯರ ಹಾಗೂ ದಂತವೈದ್ಯರ ಕೊಠಡಿಗಳು. ಕಾಲ ಸರಿದಂತೆ ಕಟ್ಟಡದ ಭಾಗ್ಯ ಇಳಿಯಿತು. ಬಾಡಿಗೆದಾರರು ತೆರಳಿದರು, ಬಿಳುಪು ಮಾಸಿತು, ನೆತ್ತಿಯ ಅಂಚುಕಟ್ಟನ್ನೂ ಕಿತ್ತುಹಾಕಿದರು. ಕಡೆಗೆ 1994ರಲ್ಲಿ ನಗರಾಡಳಿತವೇ ಕೊಂಡು ಜೀರ್ಣೋದ್ಧಾರಕ್ಕೆ ತೊಡಗಿತು. 1999ರಲ್ಲಿ ಅದು ಹೋಟೆಲಾಗಿ ಬಾಗಿಲು ತೆರೆಯಿತು. ಹಿಂದೆ ವೈದ್ಯರ ಕೊಠಡಿಗಳಿಗಿದ್ದ ಬಗೆಯ ಮಸುಕುಗಾಜಿನ ಬಾಗಿಲುಗಳೇ ಈಗ ಅತಿಥಿಗಳ ಕೋಣೆಗಳಿಗೂ ಇರುವುದನ್ನು ಕಂಡು ನಾವು ಕ್ಷಣಕಾಲ ಮೂಕರಾದೆವು.

ಅದಕ್ಕೆ ಕಾರಣವುಂಟು. ನಾವು ಬಾಲ್ಯದಲ್ಲಿ ಉಂಡು ಓದಿದ ಮಠದ ಹಳೆಯ ಪ್ರಸಾದನಿಲಯವನ್ನು ಕೆಡವಿ ಅಂಗಡಿ ಮಳಿಗೆಗಳನ್ನು ಕಟ್ಟಬೇಕೆಂಬ ನಿರ್ಣಯಕ್ಕೆ, ಪ್ರವಾಸ ಹೊರಡುವ ಮುನ್ನ ನಾವೂ ಸಹಿ ಹಾಕಿದ್ದೆವು. ಮಾಡು ಸೋರುತ್ತದೆ, ವಿದ್ಯಾರ್ಥಿಗಳು ಕಡಿಮೆಯಾಗಿದ್ದಾರೆ, ಇನ್ನೇಕೆ ಅದು ಎಂದು ನಾವೇ ಸಭೆಯಲ್ಲಿ ನುಡಿದಿದ್ದೆವು. ಒಂದು ಉಪಯೋಗ ತೀರಿದೊಡನೆ ಕಟ್ಟಡದ ಆಯುಷ್ಯವೂ ತೀರಿತೆಂದು ಭಾವಿಸಿದ್ದು ನಮ್ಮ ತಪ್ಪು.

ಹಳೆಯದೆಲ್ಲ ಉಳಿಯಲೇಬೇಕೆಂಬುದು ನಮ್ಮ ವಾದವಲ್ಲ. ಕೆಡಹುವ ಮುನ್ನ, ಇದು ಇನ್ನಾವ ಕೆಲಸಕ್ಕೆ ಒದಗೀತು ಎಂದು ಒಮ್ಮೆ ಕೇಳಿಕೊಳ್ಳಬೇಕು. ಊರಿಗೆ ಮರಳಿದೊಡನೆ ಹಿರಿಯರನ್ನು ಕಂಡು ನಿರ್ಣಯವನ್ನು ಮರುಪರಿಶೀಲಿಸುವಂತೆ ವಿನಂತಿಸಿದೆವು. ಕೆಲವರು ತಲೆದೂಗಿದರು, ಕೆಲವರು ನಕ್ಕರು. ಮುಂದಿನ ಸಭೆಯವರೆಗಾದರೂ ಆ ಗೋಡೆಗಳು ನಿಂತಿರುತ್ತವೆ. ಅಷ್ಟರಲ್ಲಿ ಸೋರುವ ಮಾಡಿಗೆ ಹೆಂಚು ಹೊದಿಸುವ ಕೆಲಸವನ್ನು ನಾವೇ ವಹಿಸಿಕೊಂಡಿದ್ದೇವೆ.